ಕದಿರೇಶನ ಕೆಂಪು ಸ್ವಿಚ್ಚು

"ಮುಟ್ಟಬೇಡಿ!"

ಕದಿರೇಶ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಮಾಲೂರಿನಲ್ಲಿ ಸ್ವಂತ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡು, ಸುತ್ತಲಿನ ತಾಲ್ಲೂಕುಗಳ ಮದುವೆ, ನಾಮಕರಣ, ಎಲೆಕ್ಷನ್ ಭಾಷಣಗಳನ್ನೆಲ್ಲ ಊರಿಗೆ ಕೇಳಿಸಿದವನು ಅವನು. ಅಂಥವನಿಗೆ ಮೈಕು ಮುಟ್ಟಬೇಡಿ ಎಂದವರು ಇದುವರೆಗೆ ಯಾರೂ ಇರಲಿಲ್ಲ. ಹಾಗೆಂದವರು ಯಾರು ನೋಡೋಣ ಎಂದು ತಲೆಯೆತ್ತಿದ. ನೋಡಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತ.

ಎಂಬತ್ತಾರನೇ ಇಸವಿಯ ರಾಮನವಮಿ. ಶ್ರೀನಿವಾಸಪುರದ ಪೇಟೆ ಬೀದಿಯ ಚಪ್ಪರದಲ್ಲಿ ಪಾನಕದ ಕೊಳಗಗಳ ಸುತ್ತ ಜನ ಮುತ್ತಿಕೊಂಡಿದ್ದರು. ಸಂಜೆ ತಾಯಲೂರಿನ ಸುಬ್ಬರಾಯಪ್ಪ ದಾಸರ ಹರಿಕಥೆ. ಮುಟ್ಟಬೇಡಿ ಎಂದವಳು ಅವರ ಮೊಮ್ಮಗಳು ಅನಸೂಯ. ತಾತನ ಹಿಂದೆ ಕೂತು ಹಾರ್ಮೋನಿಯಂ ನುಡಿಸುವವಳು, ಪದಕ್ಕೆ ದನಿಗೂಡಿಸುವವಳು. ಅವಳ ತೊಡೆಯ ಮೇಲೆ ಹಸಿರು ರೇಷ್ಮೆ ಬಟ್ಟೆ ಸುತ್ತಿದ ಒಂದು ಹಳೇ ದಪ್ಪ ಮೈಕು ನೆಟ್ಟಗೆ ಕೂತಿತ್ತು.

"ನಾನು ಮೈಕ್ ಸೆಟ್ನವನು ಕಣ್ರೀ," ಎಂದ ಕದಿರೇಶ.

"ಗೊತ್ತು. ಅದಕ್ಕೇ ಹೇಳಿದ್ದು. ಮೈಕ್ ಸೆಟ್ನೋರು ಫಸ್ಟು ಮಾಡೋ ಕೆಲ್ಸ ಬಾಯಿ ಹತ್ರ ಇಟ್ಕೊಂಡು ಉಫ್ ಅಂತ ಊದೋದು. ಇದಕ್ಕೆ ಊದಂಗಿಲ್ಲ. ತಟ್ಟಂಗಿಲ್ಲ. ಮಲಗಿಸಂಗೂ ಇಲ್ಲ."

"ಮಲಗಿಸಂಗೂ ಇಲ್ವಾ? ಮತ್ತೆ ನಿದ್ದೆ ಹೆಂಗ್ ಮಾಡುತ್ತೆ?"

"ನಿಂತ್ಕೊಂಡೇ," ಎಂದಳು ಅನಸೂಯ. ನಗಬಾರದೆಂದು ಕೆಳದುಟಿ ಕಚ್ಚಿಕೊಂಡಳು. ಆ ತುಟಿ ಕಚ್ಚಿದ್ದನ್ನು ಕದಿರೇಶ ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿ, ಬೇಡದಿದ್ದರೂ ರೇಷ್ಮೆ ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಿದಳು.

ಆ ಮೈಕಿನ ಹಿಂದೆ ಒಂದು ಕಥೆಯಿತ್ತು. ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ, ಭಾಷೆ ತಿಳಿಯದಿದ್ದರೂ ಮೆಚ್ಚಿಕೊಂಡಿದ್ದ ದಾಸರ ಕೈಗೆ ಕೊಟ್ಟುಹೋದದ್ದು. ಒಳಗೆ ಕೂದಲಿಗಿಂತ ತೆಳುವಾದ ಒಂದು ಲೋಹದ ಪಟ್ಟಿ ಇದೆ, ಅದು ಅಲುಗಿದರೇನೇ ದನಿ, ಊದಿದರೆ ಹರಿದುಹೋಗುತ್ತದೆ ಎಂದು ಹೇಳಿಯೂ ಹೋಗಿದ್ದ. ಈಗ ದಾಸರಿಗೆ ಎಪ್ಪತ್ತು ದಾಟಿದೆ, ಮುಂದಿನ ಹಲ್ಲುಗಳು ಬಿದ್ದಿವೆ. ಬೇರೆ ಮೈಕಿನಲ್ಲಿ ಅವರು ರಾಮ ಎಂದರೆ ಗಾಳಿಯೇ ಹೆಚ್ಚು ಕೇಳಿಸುತ್ತದೆ. ಇದರಲ್ಲಿ ಮಾತ್ರ ದನಿ ಹಿಂದಿನಂತೆಯೇ ತುಂಬಿಕೊಂಡು ಬರುತ್ತದೆ.

ಕದಿರೇಶನಿಗೂ ಅವತ್ತು ತೋರಿಸಿಕೊಳ್ಳಲು ಒಂದು ಒಡವೆಯಿತ್ತು. ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ ಒಂದು ರೆಕಾರ್ಡಿಂಗ್ ಸ್ಟುಡಿಯೊದಿಂದ ಅವನು ಹೋದ ತಿಂಗಳಷ್ಟೇ ಫಾರಿನ್ ಮಿಕ್ಸರ್ ತಂದಿದ್ದ. ಜೊತೆಗೆ ಪೆನ್ಸಿಲಿನಷ್ಟು ತೆಳ್ಳಗಿನ ಒಂದು ಕಂಡೆನ್ಸರ್ ಮೈಕು. ಮಿಕ್ಸರಿನ ಮೂಲೆಯಲ್ಲಿ ಒಂದು ಕೆಂಪು ಸ್ವಿಚ್ಚು. "ಇದು ಹಾಕಿದ್ರೇನೇ ಆ ಮೈಕಿಗೆ ಕರೆಂಟು," ಎಂದಿದ್ದ ಮಾರಿದವನು. ಅದಕ್ಕಿಂತ ಹೆಚ್ಚಿಗೆ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ.

ಮಂತ್ರಿಗಳು ಬಂದಾಗ ತೆಗೆಯೋಣ ಎಂದು ಎತ್ತಿಟ್ಟಿದ್ದ ಆ ಪೆನ್ಸಿಲ್ ಮೈಕನ್ನು ಕದಿರೇಶ ಹಾರ್ಮೋನಿಯಂ ಮುಂದೆ ನಿಲ್ಲಿಸಿದ.

"ಇದ್ಯಾಕೆ?" ಎಂದಳು ಅನಸೂಯ.

"ನಿಮ್ಮ ದನಿಗೆ."

"ನನ್ನ ದನಿ ನೀವು ಕೇಳೇ ಇಲ್ವಲ್ಲ."

"ಮುಟ್ಟಬೇಡಿ ಅಂದ್ರಲ್ಲ, ಆವಾಗ ಕೇಳಿದ್ನಲ್ಲ."

ಅವಳು ಹಾರ್ಮೋನಿಯಂನ ಒಂದು ಮನೆ ಒತ್ತಿದಳು. ಅದು ಬೇಕಾದದ್ದಕ್ಕಿಂತ ತುಸು ಜೋರಾಗಿ ಕೂಗಿತು. ಕದಿರೇಶ ಓಡಿಹೋಗಿ ಕೆಂಪು ಸ್ವಿಚ್ಚು ಹಾಕಿದ. ಪಕ್ಕದ ಪುಟ್ಟ ದೀಪ ಹತ್ತಿತು. ಆ ಹೊತ್ತಿಗೆ ಅವನಿಗೆ ಇಡೀ ಶ್ರೀನಿವಾಸಪುರ ತನ್ನದೇ ಅನ್ನಿಸಿತು.

ತಾತನ ಮೈಕಿನ ವೈರು ಹಳೇ ಕಾಲದ್ದು, ಮಿಕ್ಸರಿಗೆ ಕೂರುತ್ತಿರಲಿಲ್ಲ. ಚಪ್ಪರದ ಹಿಂದೆ ಕೂತು ಬೆಸುಗೆ ಕಡ್ಡಿ ಕಾಯಿಸಿ, ಕದಿರೇಶ ಅವಸರದಲ್ಲಿ ಹೊಸ ಕೇಬಲ್ ಮಾಡಿದ. ಮೈಕಿನಿಂದ ಬರುವ ಎರಡು ತಂತಿಗಳಲ್ಲಿ ಒಂದನ್ನು ಹೊರಗಿನ ಜಾಲರಿ ತಂತಿಗೇ ಸೇರಿಸಿ ಬೆಸೆದ. ಕೋಲಾರ ಜಿಲ್ಲೆಯ ಮೈಕ್ ಸೆಟ್ಟಿನವರೆಲ್ಲ ಹಳೇ ಆಂಪ್ಲಿಫೈಯರುಗಳಿಗೆ ಮಾಡುತ್ತಿದ್ದದ್ದೇ ಹಾಗೆ, ಅವನಿಗೆ ಕಲಿಸಿದ್ದೂ ಹಾಗೆಯೇ. ಅನಸೂಯ ಕಣ್ಣಿಟ್ಟು ಕಾಯುತ್ತಿದ್ದಂತೆ ಮೈಕನ್ನು ನೆಟ್ಟಗೇ ಹಿಡಿದು ಸ್ಟ್ಯಾಂಡಿಗೆ ಕೂರಿಸಿ, ಕೇಬಲ್ಲನ್ನು ಮಿಕ್ಸರಿಗೆ ಚುಚ್ಚಿದ.

ಸ್ಪೀಕರುಗಳು ಧಡ್ ಎಂದವು. ಮುಂದಿನ ಸಾಲಿನ ಮಕ್ಕಳು ಬೆಚ್ಚಿ ನಕ್ಕರು. ಅಷ್ಟರಲ್ಲಿ ಚಪ್ಪರದ ಕಮಿಟಿ ಅಧ್ಯಕ್ಷ ರಾಮಚಂದ್ರಪ್ಪನವರು ಸ್ವಾಗತ ಭಾಷಣಕ್ಕೆಂದು ವೇದಿಕೆ ಹತ್ತಿ, ಆಯುಷ್ಯವಿಡೀ ಮಾಡಿಕೊಂಡು ಬಂದ ಅಭ್ಯಾಸದಂತೆ ತಾತನ ಮೈಕಿಗೇ ಬಾಯಿಟ್ಟು "ಉಫ್, ಉಫ್, ಹಲೋ" ಎಂದರು. ಅನಸೂಯ ಎದ್ದು ಬರುವಷ್ಟರಲ್ಲಿ ಊದಿ ಮುಗಿದಿತ್ತು. ಮೈಕು ಉಸಿರೆತ್ತಲಿಲ್ಲ. ಕದಿರೇಶ ಏನೇನು ತಿರುಗಿಸಿದರೂ ಸತ್ತ ಮೈಕು ಸತ್ತೇ ಇತ್ತು.

"ಅಧ್ಯಕ್ಷರಾದ್ರೆ ಊದ್ಲೇಬೇಕಾ?" ಎಂದಳು ಅನಸೂಯ. ಕಣ್ಣಲ್ಲಿ ನೀರಿತ್ತು, ಆದರೆ ದನಿ ಚಪ್ಪರದ ಕೊನೆಯವರೆಗೂ ಹೋಯಿತು. "ಅಷ್ಟೊಂದ್ ಗಾಳಿ ಇದ್ರೆ ಹೋಗಿ ಒಲೆ ಊದಿ!"

ಊರಿನ ದೊಡ್ಡ ಮನುಷ್ಯ ರಾಮಚಂದ್ರಪ್ಪನವರು ಊರ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೆಳಗಿಳಿದರು. ದಾಸರು ಕದಿರೇಶ ಕೊಟ್ಟ ಮಾಮೂಲಿ ಮೈಕಿನಲ್ಲಿ ಎರಡು ಸಾಲು ಹೇಳಿ ನೋಡಿದರು. ಜನರ ನಡುವೆ ಯಾರೋ ಕಿಸಕ್ಕೆಂದು ನಕ್ಕರು. ದಾಸರು ನಿಲ್ಲಿಸಿ, ಬಗ್ಗಿ, ಕಾಲಿನ ಗೆಜ್ಜೆ ಬಿಚ್ಚಿದರು.

"ಇದು ನನ್ನ ದನಿ ಅಲ್ಲ ನಾಯ್ನಾ," ಎಂದರು ಕದಿರೇಶನಿಗೆ. "ಆ ಮೈಕು ಬದುಕಿದ್ರೆ ಕಥೆ. ಇಲ್ದಿದ್ರೆ ಇಲ್ಲಿಗೇ ಮಂಗಳ."

ಮುದುಕರು ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಕದಿರೇಶ ಹಿಂದೆಯೇ ಓಡಿದ.

"ನಾನು ರಿಪೇರಿ ಮಾಡಿಸ್ಕೊಡ್ತೀನಿ. ಆಣೆಗೂ ಮಾಡಿಸ್ತೀನಿ."

ಅನಸೂಯ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಮಾಡೋರು ಎಲ್ಲಿದಾರೆ ಅಂತ ಮೊದ್ಲು ಹುಡುಕಿ. ಮೈಕು ನಾನೇ ತರ್ತೀನಿ," ಎಂದಳು.

ಕದಿರೇಶ ಹುಡುಕಿದ. ಹುಡುಕಿದ್ದನ್ನು ತಿಳಿಸುವ ನೆಪದಲ್ಲಿ ತಾಯಲೂರಿಗೂ ಹೋದ. ಮಾಲೂರಿನಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ಇನ್ನೊಂದು ಬಸ್ಸು. "ಇನ್ನೂ ಸಿಕ್ಕಿಲ್ಲ" ಎಂದು ಹೇಳಲು ಮೂರು ಬಸ್ಸು ಹತ್ತಿ ಬರುವವನನ್ನು ತಾಯಲೂರಿನ ಹೆಂಗಸರು ಬಾವಿಕಟ್ಟೆಯ ಹತ್ತಿರ ನೋಡಿ ನಗತೊಡಗಿದರು. ಅವನಿಗೆ ಅದೇನೂ ಕಾಣಿಸಲಿಲ್ಲ. ಅನಸೂಯ ಬಾಗಿಲಿಗೆ ಬಂದು, ಅವನನ್ನು ಕಂಡು, ಕೆದರದೇ ಇದ್ದ ಮುಂಗುರುಳನ್ನು ಸರಿಮಾಡಿಕೊಳ್ಳುವುದು ಮಾತ್ರ ಕಾಣಿಸುತ್ತಿತ್ತು.

ಆ ಮನೆಯಲ್ಲಿ ಮಾವಿನ ಹಣ್ಣಿಗೆ ಬರವಿರಲಿಲ್ಲ. ರಾಮಚಂದ್ರಪ್ಪನವರು ಪಶ್ಚಾತ್ತಾಪದಿಂದ ತಮ್ಮ ತೋಪಿನ ಬಾದಾಮಿ, ರಸಪುರಿ ಬುಟ್ಟಿಬುಟ್ಟಿಯಾಗಿ ಕಳಿಸುತ್ತಿದ್ದರು. ಬರುವ ಲಗ್ನದಲ್ಲಿ ಅವರ ಮಗಳ ಮದುವೆ. ಹಿಂದಿನ ದಿನ ದಾಸರು ಸೀತಾ ಕಲ್ಯಾಣ ಹೇಳಿದರೆ ತಮ್ಮ ಪಾಪ ಕಳೆಯಿತು ಎಂದು ಹೇಳಿಕಳಿಸಿದ್ದರು. ದಾಸರು ಗೋಡೆಗೆ ತೂಗುಹಾಕಿದ ಗೆಜ್ಜೆಯ ಕಡೆ ಬೆರಳು ತೋರಿಸಿ, ಮೊದಲು ಮೈಕು ಬರಲಿ ಎಂದಿದ್ದರು. ಕಥೆ ನಿಲ್ಲಿಸಿದ ಮೇಲೆ ಅವರು ಊಟವನ್ನೂ ಅರ್ಧಕ್ಕೇ ಬಿಟ್ಟೇಳುತ್ತಿದ್ದರು ಎಂದು ಅನಸೂಯ ಹೇಳಿದಾಗ, ಕದಿರೇಶ ಕೈಯಲ್ಲಿದ್ದ ರಸಪುರಿಯನ್ನು ತಟ್ಟೆಗೇ ವಾಪಸ್ ಇಟ್ಟ.

ಕೊನೆಗೆ ಸಿಕ್ಕಿದವನು ಸೊಣ್ಣಪ್ಪ. ಗಣಿಯಲ್ಲಿ ಟೆಲಿಫೋನು, ರೇಡಿಯೊ ನೋಡಿಕೊಂಡಿದ್ದು ರಿಟೈರಾದವನು. ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಅಂಗಡಿ. ನಡೆದದ್ದನ್ನೆಲ್ಲ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಧಡ್ ಅಂದಿದ್ದು ಊದೋಕೆ ಮುಂಚೆನಾ, ಆಮೇಲೆನಾ?"

"ಮುಂಚೆ."

"ಆ ಕೇಬಲ್ ತಾರಲಾ."

ಕದಿರೇಶ ಚೀಲದಿಂದ ತೆಗೆದುಕೊಟ್ಟ ಕೇಬಲ್ ಬಿಚ್ಚಿ ನೋಡಿ ಸೊಣ್ಣಪ್ಪ ಕನ್ನಡಕ ಹಣೆಗೇರಿಸಿದ. "ಲೇ ಕದಿರೇಶ, ಆ ಕೆಂಪು ಸ್ವಿಚ್ಚು ಹಾಕಿದ್ರೆ ಮಿಕ್ಸರಿಗೆ ಚುಚ್ಚಿರೋ ಎಲ್ಲಾ ವೈರಲ್ಲೂ ನಲವತ್ತೆಂಟು ವೋಲ್ಟು ಬರುತ್ತೆ ಕಣಲಾ, ಒಂದರಲ್ಲಲ್ಲ. ನಿನ್ನ ಪೆನ್ಸಿಲ್ ಮೈಕಿಗೆ ಅದು ಊಟ. ಸುರುಳಿ ಇರೋ ಮಾಮೂಲಿ ಸ್ಟೇಜ್ ಮೈಕಿಗೆ, ಕೇಬಲ್ ನೆಟ್ಟಗಿದ್ರೆ ಏನೂ ಆಗಲ್ಲ. ಎರಡು ತಂತಿಲೂ ಸಮವಾಗಿ ಬರುತ್ತೆ, ಒಳಗೆ ಹರಿಯಲ್ಲ. ನೀನು ಒಂದನ್ನ ಜಾಲರಿಗೆ ಕಟ್ಟಿಬಿಟ್ಟೆ. ಇನ್ನೊಂದರದ್ದು ಸೀದಾ ಒಳಗೆ ನುಗ್ತು. ಸುರುಳಿ ಮೈಕಾದ್ರೆ ತಡ್ಕೊಂಡಿರೋದೋ ಏನೋ. ಇದು ಪಟ್ಟಿ ಮೈಕು. ಒಂದೇ ಏಟಿಗೆ ಹರೀತು."

"ಹಂಗಾದ್ರೆ ರಾಮಚಂದ್ರಪ್ಪನೋರು…"

"ಅವರು ಊದಿದ್ದು ಹೆಣಕ್ಕೆ. ಕೊಂದೋನು ನೀನು."

ಕದಿರೇಶ ಆ ಕೇಬಲ್ಲನ್ನು ಕೈಗೆ ತೆಗೆದುಕೊಂಡು ತನ್ನದೇ ಬೆಸುಗೆಯನ್ನು ನೋಡಿದ. ಯಾರ ದನಿಗೆಂದು ಆ ಸ್ವಿಚ್ಚು ಹಾಕಿದನೋ ಅವಳ ತಾತನ ದನಿಯನ್ನೇ ಕಿತ್ತುಕೊಂಡಿದ್ದ.

"ಪಟ್ಟಿ ನಾನು ಹಾಕ್ಕೊಡ್ತೀನಿ," ಎಂದ ಸೊಣ್ಣಪ್ಪ. "ಆ ಹುಡುಗಿಗೆ ವಿಷಯ ನೀನೇ ಹೇಳು. ನನ್ನ ಬಾಯಿಂದ ಬಂದ್ರೆ ಚೆನ್ನಾಗಿರಲ್ಲ."

ಹೇಳಲೆಂದೇ ಕದಿರೇಶ ತಾಯಲೂರಿಗೆ ಹೋದ. ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡ. ಅನಸೂಯ ತಟ್ಟೆಯಲ್ಲಿ ಹೋಳು ಮಾಡಿದ ಹಣ್ಣಿಟ್ಟು, ಎದುರಿಗೆ ಕೂತು, ಸೊಣ್ಣಪ್ಪ ಸಿಕ್ಕಿದ ಸುದ್ದಿ ಕೇಳಿ ಮುಖವೆಲ್ಲ ಅರಳಿಸಿದಳು.

"ಒಬ್ರು ಊದಿ ಕೆಡಿಸ್ತಾರೆ. ಇನ್ನೊಬ್ರು ಏನೂ ತಪ್ಪು ಮಾಡ್ದೆ ಇದ್ರೂ ಊರೂರು ಅಲೀತಾರೆ," ಎಂದಳು. "ನಿಮ್ಮಂಥೋರು ಸಿಗೋದು ಕಷ್ಟ ಕಣ್ರೀ."

ಕದಿರೇಶ ಬಾಯಿ ತೆರೆದ. ಅವಳು ಹೋಳು ಮುಂದೆ ಸರಿಸಿದಳು. ಅವನು ಹೋಳನ್ನೂ ಮಾತನ್ನೂ ಒಟ್ಟಿಗೇ ನುಂಗಿದ.

ಸೊಣ್ಣಪ್ಪ ಗೊತ್ತುಮಾಡಿದ ದಿನ ಅನಸೂಯ ಮೈಕು ಹಿಡಿದು ಕೋಲಾರಕ್ಕೆ ಬಂದಳು. ನೆತ್ತಿ ಸುಡುವ ಮಧ್ಯಾಹ್ನ. ಸೊಣ್ಣಪ್ಪ ಅಂಗಡಿಯ ಬಾಗಿಲು ಮುಂದೆ ಮಾಡಿ ಫ್ಯಾನು ನಿಲ್ಲಿಸಿದ. ಹಳೇ ರೇಡಿಯೊದ ಕೆಟ್ಟ ಬಿಡಿಭಾಗ ಒಂದನ್ನು ಬಿಚ್ಚಿ ಅದರೊಳಗಿನ ಅಲ್ಯೂಮಿನಿಯಂ ಹಾಳೆ ತೆಗೆದು, ಬ್ಲೇಡಿನಲ್ಲಿ ಸಣ್ಣ ಪಟ್ಟಿ ಕೊಯ್ದ. ಕೆಟ್ಟ ಅಲಾರಂ ಗಡಿಯಾರದ ಎರಡು ಹಲ್ಲುಚಕ್ರಗಳ ನಡುವೆ ಅದನ್ನು ತೂರಿಸಿದಾಗ ಪಟ್ಟಿಯ ಮೈತುಂಬ ಸಣ್ಣ ನೆರಿಗೆ ಬಿತ್ತು.

"ನನ್ನ ಕೈ ನಡುಗುತ್ತೆ," ಎಂದ. "ಆ ಕಡೆ ನೀನು ಹಿಡ್ಕಮ್ಮಾ, ಈ ಕಡೆ ನೀನು ಹಿಡಿಯಲಾ. ಚಿಮಟದಲ್ಲಿ ಮೆಲ್ಲಗೆ. ಇಬ್ರೂ ಉಸಿರು ಬಿಡಂಗಿಲ್ಲ."

ಇಬ್ಬರೂ ಮೇಜಿನ ಮೇಲೆ ಬಗ್ಗಿದರು. ನಡುವೆ ಗೇಣಗಲ ಜಾಗ. ಅವಳ ಮುಡಿಯ ಕನಕಾಂಬರ, ಮೇಲ್ದುಟಿಯ ಮೇಲೆ ಸಾಲುಗಟ್ಟಿದ ಬೆವರ ಹನಿ, ಪಟ್ಟಿಯ ಮೇಲೇ ನೆಟ್ಟ ಕಣ್ಣಿನ ರೆಪ್ಪೆ. ರೆಪ್ಪೆ ಒಮ್ಮೆ ಮೇಲೆದ್ದಿತು. ಅವನ ಕಣ್ಣು ಸಿಕ್ಕಿತು. ಅದು ಬೇಗ ಕೆಳಗಿಳಿಯಲಿಲ್ಲ.

ಈಗಲೇ ಹೇಳಿಬಿಡಬೇಕು ಅನ್ನಿಸಿತು ಕದಿರೇಶನಿಗೆ. "ಅನಸೂಯಾ ಅವ್ರೇ…" ಎಂದ. ಪಟ್ಟಿ ಚಿಮಟದಿಂದ ಜಾರಿ ಹಾರಿ ಅವನ ಮೂಗಿನ ತುದಿಗೇ ಅಂಟಿಕೊಂಡಿತು.

"ಬಾಯ್ ಮುಚ್ಕೊಂಡಿರೋಕೆ ಏನಲಾ ನಿಂಗೆ!" ಸೊಣ್ಣಪ್ಪ ಗದರಿದ. ಅನಸೂಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ನಗು ನಿಲ್ಲಲಿಲ್ಲ. ಅವಳು ನಕ್ಕಾಗಲೆಲ್ಲ ಮೇಜಿನ ಮೇಲಿದ್ದ ತುಣುಕುಗಳೂ ಹಾರಿದವು. ಸೊಣ್ಣಪ್ಪ ಮತ್ತೆ ಕೊಯ್ಯಬೇಕಾಯಿತು.

ಎರಡನೆಯ ಪಟ್ಟಿ ನಿಂತಿತು. ಅಂಗಡಿಯ ಹಳೇ ರೇಡಿಯೊಗೆ ಮೈಕು ಸಿಕ್ಕಿಸಿ, ಸೊಣ್ಣಪ್ಪ ಹಾಡು ಎಂದು ಸನ್ನೆ ಮಾಡಿದ. ಅನಸೂಯ ತಾತನ ಒಂದು ಪದದ ಮೊದಲ ಸಾಲನ್ನು ಮೆಲ್ಲಗೆ ಹೇಳಿದಳು. ದನಿ ಬೆಚ್ಚಗೆ, ತುಂಬಿಕೊಂಡು ಬಂತು. ಅವಳು ಅಳುತ್ತಲೇ ನಕ್ಕಳು. ಟೀ ತರುತ್ತೇನೆಂದು ಸೊಣ್ಣಪ್ಪ ಹೊರಗೆ ಹೋದ. ಹೋಗುವಾಗ ಕದಿರೇಶನ ಬೆನ್ನಿಗೊಂದು ಗುದ್ದು ಕೊಟ್ಟೇ ಹೋದ.

"ಊದಿದ್ದಕ್ಕೆ ಹೋಗಿದ್ದಲ್ಲ ಇದು," ಎಂದ ಕದಿರೇಶ. "ನನ್ನಿಂದ ಹೋಗಿದ್ದು." ಕೆಂಪು ಸ್ವಿಚ್ಚು, ಜಾಲರಿಗೆ ಕಟ್ಟಿದ ತಂತಿ, ಧಡ್ ಎಂದ ಸ್ಪೀಕರು, ಎಲ್ಲ ಹೇಳಿದ. ಯಾರಿಗೋಸ್ಕರ ಸ್ವಿಚ್ಚು ಹಾಕಿದ್ದು ಎಂಬುದನ್ನೂ ಹೇಳಿದ.

ಅನಸೂಯಳ ನಗು ಇಳಿಯಿತು. "ನಿಮಗೆ ಯಾವಾಗ ಗೊತ್ತಾಯ್ತು?"

"ಸೊಣ್ಣಪ್ಪ ಸಿಕ್ಕಿದ ದಿನವೇ."

"ಗೊತ್ತಾದ್ಮೇಲೂ ಬಂದು, ಆ ಪಾಪದ ಮನುಷ್ಯ ಕಳಿಸಿದ ಹಣ್ಣು ತಿಂದ್ರಾ?"

ಅವನು ತಲೆ ತಗ್ಗಿಸಿದ. "ನೀವು ನನ್ನ ಮುಖ ನೋಡ್ದೇ ಹೋದ್ರೆ ಅಂತ ಭಯ ಆಯ್ತು."

"ತಿಳೀದೆ ಕೆಡಿಸಿದ್ದಕ್ಕೆ ನಂಗೆ ಕೋಪ ಇಲ್ಲ," ಎಂದಳು ಅನಸೂಯ, ಮೈಕಿಗೆ ಬಟ್ಟೆ ಸುತ್ತುತ್ತಾ. "ನಾನು ಒಬ್ಬ ದೊಡ್ಡೋರನ್ನ ಊರ್ ಮುಂದೆ ಬೈದೆ. ನೀವು ಬೈಸಿ ಸುಮ್ನೆ ಕೂತ್ರಿ. ಅದು ಊರ್ ಮುಂದೇನೇ ಸರಿಯಾಗ್ಬೇಕು. ಅಲ್ಲಿವರೆಗೂ ತಾಯಲೂರಿನ ಬಸ್ ಹತ್ತಬೇಡಿ."

ಸೊಣ್ಣಪ್ಪ ತಂದ ಮೂರು ಲೋಟ ಟೀಯಲ್ಲಿ ಒಂದು ಉಳಿಯಿತು.

ಕದಿರೇಶ ಮಾಲೂರಿಗೆ ಬಂದು ಅಂಗಡಿಯ ಕೇಬಲ್ಲುಗಳನ್ನೆಲ್ಲ ಬಿಚ್ಚಿ, ಒಂದೊಂದು ತಂತಿಯನ್ನೂ ಅದರದರ ಜಾಗಕ್ಕೆ ಬೆಸೆದ. ಮೊದಲು ಮೈಕು ಚುಚ್ಚು, ಸೌಂಡು ಪೂರ್ತಿ ಇಳಿಸು, ಆಮೇಲೆ ಸ್ವಿಚ್ಚು; ತೆಗೆಯುವಾಗ ಸ್ವಿಚ್ಚು ಮೊದಲು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮೈಕು ಕೀಳು. ಸೊಣ್ಣಪ್ಪ ಹೇಳಿಕೊಟ್ಟದ್ದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ. ಊರಿನ ಮುಂದೆ ಏನು ಹೇಳಬೇಕೆಂಬುದು ಮಾತ್ರ ಬಾಯಿಪಾಠವಾಗಲಿಲ್ಲ.

ಮದುವೆಯ ಹಿಂದಿನ ದಿನ, ಶ್ರೀನಿವಾಸಪುರದಲ್ಲಿ ರಾಮಚಂದ್ರಪ್ಪನವರ ಮನೆಯ ಮುಂದೆ ಚಪ್ಪರ. ಬಿಸಿಲು ತಗ್ಗುವ ಹೊತ್ತಿಗೆ ದಾಸರು ಗೆಜ್ಜೆ ಕಟ್ಟಿ ಬಂದು ಕೂತರು. ಅನಸೂಯ ಕದಿರೇಶನ ಕಡೆ ನೋಡಲಿಲ್ಲ. ಹಾರ್ಮೋನಿಯಂ ಮುಂದಿದ್ದ ಮಾಮೂಲಿ ಮೈಕನ್ನು ಮಾತ್ರ ನೋಡಿದಳು.

"ಪೆನ್ಸಿಲ್ ಮೈಕು ಎಲ್ಲಿ?" ಎಂದು ಹಾರ್ಮೋನಿಯಂಗೇ ಕೇಳಿದಳು.

"ಅದಕ್ಕೆ ಕೆಂಪು ಸ್ವಿಚ್ಚು ಹಾಕ್ಬೇಕು. ತಾತನ ಮೈಕು ಇರೋ ಕಡೆ ಹಾಕಲ್ಲ."

ಕದಿರೇಶ ಬೆವರೊರೆಸಿಕೊಂಡು ಆ ಮಾಮೂಲಿ ಮೈಕನ್ನೇ ಎತ್ತಿಕೊಂಡು ಜನರ ಕಡೆ ತಿರುಗಿದ. ದಿನಾ ಸಾವಿರ ಜನಕ್ಕೆ ಹಲೋ ಹಲೋ ಎನ್ನುವವನ ನಾಲಿಗೆ ಒಣಗಿತ್ತು.

"ರಾಮನವಮಿ ದಿನ ದಾಸರ ಮೈಕು ಕೆಟ್ಟಿದ್ದು ರಾಮಚಂದ್ರಪ್ಪನೋರಿಂದ ಅಲ್ಲ," ಎಂದ. "ತಪ್ಪು ಕೇಬಲ್ ಮಾಡಿ, ಹಾಕ್ಬಾರದ ಸ್ವಿಚ್ಚು ಹಾಕಿ ಕೆಡಿಸಿದ್ದು ನಾನು. ಗೊತ್ತಾದ್ಮೇಲೂ ಬಾಯ್ಬಿಡ್ಲಿಲ್ಲ. ಅವರ ಹಣ್ಣೂ ತಿಂದೆ. ಕ್ಷಮಿಸ್ಬೇಕು."

ರಾಮಚಂದ್ರಪ್ಪನವರು ನಿಧಾನವಾಗಿ ಎದ್ದು ನಿಂತರು.

"ನಾನಲ್ವಾ?" ಎಂದರು. "ಲೇ, ನಾನಲ್ವೇನಲೇ? ಅವತ್ತಿಂದ ಬಿಸಿ ಕಾಫಿ ಆರಿಸೋಕೂ ಊದಿಲ್ಲ ಕಣಯ್ಯಾ! ನಾಲ್ಗೆ ಸುಟ್ಕೊಂಡ್ ಸುಟ್ಕೊಂಡ್ ಕುಡಿದಿದ್ದೀನಿ!"

ಚಪ್ಪರವೆಲ್ಲ ಬಿದ್ದುಬಿದ್ದು ನಕ್ಕಿತು. ಅನಸೂಯ ಎದ್ದು ಬಂದು ರಾಮಚಂದ್ರಪ್ಪನವರ ಕಾಲಿಗೆ ನಮಸ್ಕರಿಸಿದಳು. ಆಮೇಲೆ ಎಲ್ಲರೂ ದಾಸರ ಕಡೆ ತಿರುಗಿದರು. ಅವರು ಈಗ ಮತ್ತೆ ಎದ್ದು ಹೋಗಿಬಿಟ್ಟರೆ ಕಥೆ ಹೇಳುವವರಿಲ್ಲ.

"ನಾಯ್ನಾ," ಎಂದರು ದಾಸರು. "ಆ ಸ್ವಿಚ್ಚು ಈಗ ಆಫಾಗಿದೆಯಾ?"

"ಆಗಿದೆ ತಾತ."

"ಕಣ್ಣಲ್ಲಿ ನೋಡಿ ಹೇಳಬೇಡ. ಕೈಯಿಟ್ಟು ನೋಡಿ ಹೇಳು."

ಕದಿರೇಶ ಹೋಗಿ ಕೈಯಿಟ್ಟು ನೋಡಿ ತಲೆಯಾಡಿಸಿದ. ದಾಸರು ಎದ್ದು, ಚಿಟಿಕೆ ತಾಳ ಹಿಡಿದು, ತಮ್ಮ ಮೈಕಿನ ಮುಂದೆ ನಿಂತು ಗಣಪತಿ ಸ್ತುತಿ ಎತ್ತಿಕೊಂಡರು. ಹಳೆಯ ದನಿ ಚಪ್ಪರವನ್ನೆಲ್ಲ ತುಂಬಿತು. ಕದಿರೇಶ ಮಿಕ್ಸರಿನ ಹಿಂದೆ ಕೂತು, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

ಕಥೆ ಜನಕನ ಸಭೆಗೆ ಬಂತು. ಶಿವಧನುಸ್ಸು ಮುರಿಯಿತು. ದಾಸರು ಗೆಜ್ಜೆ ನಿಲ್ಲಿಸಿದರು.

"ಯಾರಪ್ಪಾ ಮುರಿದೋರು ಅಂತ ಪರಶುರಾಮ ಬಂದು ಕೇಳ್ದ. ರಾಮ ಪಕ್ಕದೋರ ಮೇಲೆ ಹಾಕ್ಲಿಲ್ಲ. ನಾನೇ ಸ್ವಾಮಿ ಅಂದ. ಒಪ್ಕೊಂಡೋನಿಗೇ ಹುಡುಗಿ ಸಿಕ್ಕಿದ್ದು." ಮಿಕ್ಸರಿನ ಕಡೆ ಓರೆನೋಟ ಬೀರಿ, "ಏನಂದ್ರೆ, ರಾಮ ತಡಮಾಡ್ದೆ ಒಪ್ಕೊಂಡ," ಎಂದರು.

ಜನ ಕತ್ತು ತಿರುಗಿಸಿ ಕದಿರೇಶನನ್ನು ನೋಡಿ ನಕ್ಕರು. ಹಾರ್ಮೋನಿಯಂ ಒಂದು ಸ್ವರ ತಪ್ಪಿತು.

ಮಂಗಳವಾಗಿ ಜನ ಊಟಕ್ಕೆ ಏಳುತ್ತಿದ್ದಂತೆ, ಕದಿರೇಶ ಚಪ್ಪರದ ಹಿಂದೆ ವೈರು ಸುತ್ತುತ್ತಿದ್ದ. ಪಕ್ಕದಲ್ಲೇ ಹೆಂಗಸರು ಸಾಲಾಗಿ ಕೂತು ನಾಳೆಯ ಸಾಂಬಾರಿಗೆ ಕುಂಬಳಕಾಯಿ ಹೆಚ್ಚುತ್ತಿದ್ದರು. ಅನಸೂಯ ಬಂದು ಅವನೆದುರು ನಿಂತಳು.

"ಅವತ್ತು ಸೊಣ್ಣಪ್ಪನೋರ ಅಂಗಡೀಲಿ, ಪಟ್ಟಿ ಹಾರೋಕೆ ಮುಂಚೆ, ಬರೀ ತಪ್ಪು ಒಪ್ಕೊಳ್ಳೋಕೆ ಬಾಯಿ ತೆಗೆದ್ರಾ? ಇನ್ನೇನಾದ್ರೂ ಇತ್ತಾ?"

"ಇತ್ತು."

"ಹೇಳಿ."

ಕದಿರೇಶ ಹೆಂಗಸರ ಕಡೆ ನೋಡಿ, ದನಿಯಿಳಿಸಿ ಏನೋ ಅಂದ.

"ಕೇಳಿಸ್ಲಿಲ್ಲ."

ಇನ್ನೊಂದು ಸ್ವಲ್ಪ ಜೋರಾಗಿ ಅಂದ.

"ಊರಿಗೆಲ್ಲ ಕೇಳ್ಸೋರು ನೀವು. ನಂಗೊಬ್ಳಿಗೆ ಕೇಳ್ಸೋಕಾಗಲ್ವಾ?"

"ನೀವಂದ್ರೆ ನಂಗೆ ಪ್ರಾಣ!" ಎಂದು ಕೂಗಿಯೇಬಿಟ್ಟ ಕದಿರೇಶ. "ನಿಮ್ಮನ್ನೇ ಮದ್ವೆ ಆಗ್ಬೇಕು ಅಂತಿದೀನಿ!"

ಈಳಿಗೆಮಣೆಗಳ ಸದ್ದೆಲ್ಲ ಒಮ್ಮೆಲೇ ನಿಂತಿತು. ಒಬ್ಬ ಮುದುಕಿ "ಅಯ್ಯೋ ನನ್ನಪ್ಪಾ" ಎಂದು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಅನಸೂಯಳ ಕಿವಿಯವರೆಗೂ ಕೆಂಪೇರಿತು, ಆದರೆ ಅವಳು ಅಲ್ಲಿಂದ ಕದಲಲಿಲ್ಲ.

"ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ತಾಯಲೂರಿಗೆ ಬನ್ನಿ," ಎಂದಳು. "ತಾತಂಗೆ ನಾನು ಹೇಳಿರ್ತೀನಿ."

"ಏನಂತ?"

ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಅನಸೂಯ ಒಂದು ಹೆಜ್ಜೆ ಹತ್ತಿರ ಬಂದು, ಅವನಿಗೊಬ್ಬನಿಗೇ ಆಗುವಷ್ಟು ಮೆಲ್ಲಗೆ ಹೇಳಿದಳು.

"ನಂಗೂ ಅಷ್ಟೇ ಅಂತ."